ಆಪರೇಷನಲ್ ರಿಸರ್ಚ್ ಮಾಡಿ ಅಂತಾರೆ, ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ಮೂರನೇ_ತ್ರೈಮಾಸಿಕ

ಎಲ್ಲರಿಗೂ ನಮಸ್ಕಾರ.

ನಾನು ವೈದ್ಯೆ. ಕ್ಷಯರೋಗ ಕಾರ್ಯಕ್ರಮದ ಒಂದು ಘಟಕ ನೋಡಿಕೊಳ್ಳುತ್ತೇನೆ. ರೋಗಿಗಳನ್ನು ನೋಡುವುದಕ್ಕಿಂತ ವರದಿ ತುಂಬುವುದೇ ಜಾಸ್ತಿ, ಇರಲಿ. ಹೋದ ಪರಿಶೀಲನಾ ಸಭೆಯಲ್ಲಿ ಮೇಲಿನವರು "ನಿಮ್ಮ ಕಡೆಯಿಂದ ಒಂದು ಆಪರೇಷನಲ್ ರಿಸರ್ಚ್ ಬರಲಿ ಡಾಕ್ಟ್ರೇ" ಅಂದರು. ಯಾವುದರ ಬಗ್ಗೆ, ಯಾಕೆ, ಎಷ್ಟರೊಳಗೆ, ಒಂದೂ ಹೇಳಲಿಲ್ಲ. ನಾನೂ "ಆಗಲಿ ಸರ್" ಅಂತ ತಲೆಯಾಡಿಸಿ ಬಂದೆ.

ಬಹಳ ದಿನದಿಂದ ನನ್ನ ತಲೆ ತಿನ್ನುತ್ತಿರುವ ವಿಷಯ ಒಂದಿದೆ. ಕಫ ಪರೀಕ್ಷೆಯಲ್ಲಿ ಪಾಸಿಟಿವ್ ಬಂದ ಕೆಲವರು ಚಿಕಿತ್ಸೆಗೆ ಬರುವುದೇ ಇಲ್ಲ. ಎಷ್ಟು ಜನ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾಕೆ ಅಂತ ಕೇಳಿದರೆ ಮಾತ್ರ ಎಲ್ಲರದ್ದೂ ಒಂದೇ ಉತ್ತರ: "ಜನಕ್ಕೆ ತಿಳಿವಳಿಕೆ ಇಲ್ಲ ಮೇಡಂ." ಅದಕ್ಕೇ ಜನರ ತಿಳಿವಳಿಕೆ, ಮನೋಭಾವ, ನಡವಳಿಕೆ ಬಗ್ಗೆ ಒಂದು ಸರ್ವೆ ಮಾಡೋಣ ಅಂದುಕೊಂಡು ಪ್ರಶ್ನಾವಳಿ ಬರೆಯಲು ಕೂತೆ. ಬರೆಯುತ್ತಾ ಬರೆಯುತ್ತಾ ಅರವತ್ತು ಪ್ರಶ್ನೆ ಆಗಿದೆ. ಇನ್ನೂ ಮುಗಿದಿಲ್ಲ.

ಇನ್ನೊಂದು ವಿಚಿತ್ರ. ನಮ್ಮ ಚಿಕಿತ್ಸಾ ಯಶಸ್ಸಿನ ಪ್ರಮಾಣ ವರದಿಯಲ್ಲಿ ಚೆನ್ನಾಗಿಯೇ ಇದೆ. ಸಭೆಯಲ್ಲಿ ಬೈಸಿಕೊಳ್ಳುವಷ್ಟು ಕೆಟ್ಟದ್ದೇನೂ ಇಲ್ಲ. ಹಾಗಾದರೆ ಈ ತಪ್ಪಿಹೋಗುವವರು ಯಾವ ಲೆಕ್ಕದಲ್ಲಿ ಇದ್ದಾರೆ?

ನನ್ನ ಹತ್ತಿರ ಸಂಖ್ಯಾಶಾಸ್ತ್ರಜ್ಞರಿಲ್ಲ, ಹಣವಿಲ್ಲ. ಒಬ್ಬ ಲ್ಯಾಬ್ ಟೆಕ್ನಿಷಿಯನ್ ಇದ್ದಾರೆ, ಬಹಳ ಒಳ್ಳೆಯವರು, ಆದರೆ ಈಗಲೇ ಇಬ್ಬರ ಕೆಲಸ ಮಾಡುತ್ತಿದ್ದಾರೆ. ಈ ಆಪರೇಷನಲ್ ರಿಸರ್ಚ್ ಅನ್ನುವುದು ಮಾಮೂಲಿ ಸಂಶೋಧನೆಗಿಂತ ಹೇಗೆ ಬೇರೆ? ನನ್ನ ಸರ್ವೆ ಸರಿಯೇ? ಇದನ್ನೆಲ್ಲ ಮಾಡಿದರೆ ನಿಜವಾಗಿ ಏನಾದರೂ ಬದಲಾಗುತ್ತದೆಯೇ, ಅಥವಾ ಗೋಡೆಗೆ ಒಂದು ಸರ್ಟಿಫಿಕೇಟ್ ಜಾಸ್ತಿ ಆಗುತ್ತದೆಯೇ? ಮಾಡಿದವರು ದಯವಿಟ್ಟು ಹೇಳಿ. ಮಾಡದವರೂ ಹೇಳುತ್ತೀರಿ ಅಂತ ಗೊತ್ತು.

ಉತ್ತರ: ಹಳೇ_ರಿಜಿಸ್ಟರ್

ಮೇಡಂ, ಮೊದಲು ಆ ಪ್ರಶ್ನಾವಳಿಯನ್ನು ಡ್ರಾಯರ್‌ನಲ್ಲಿ ಇಡಿ. ಹರಿಯಬೇಡಿ, ಮುಂದೆ ಅದರಲ್ಲಿ ಐದಾರು ಪ್ರಶ್ನೆ ಬೇಕಾಗಬಹುದು.

ನಾನು ಕ್ಷಯ, ಎಚ್‌ಐವಿ ಎರಡೂ ಕಾರ್ಯಕ್ರಮಗಳಲ್ಲಿ ಮೇಲ್ವಿಚಾರಣೆ ಮಾಡಿದವನು. ಈಗ ನಿವೃತ್ತ. ನನ್ನ ಸರ್ವೀಸಿನ ಬಹುಪಾಲು ಬೇರೆಯವರು ತುಂಬಿದ ರಿಜಿಸ್ಟರ್ ಓದುವುದರಲ್ಲೇ ಕಳೆಯಿತು, ಅದಕ್ಕೇ ಈ ಹೆಸರು. "ಜನಕ್ಕೆ ತಿಳಿವಳಿಕೆ ಇಲ್ಲ" ಅನ್ನುವ ಉತ್ತರ ನಿಮ್ಮ ಘಟಕದಲ್ಲಿ ಹುಟ್ಟಿದ್ದಲ್ಲ. ಅದು ಎಷ್ಟು ಹಳೆಯದೆಂದರೆ, ಅದು ನಿಜವೇ ಅಂತ ಒರೆಗೆ ಹಚ್ಚಿ ನೋಡಿಯೇ 60 ವರ್ಷ ದಾಟಿದೆ. ಆ ಕಥೆ ಹೇಳಿದರೆ ನಿಮ್ಮ ಮೊದಲ ಪ್ರಶ್ನೆಗೂ ಉತ್ತರ ಸಿಗುತ್ತದೆ.

1950ರ ದಶಕದಲ್ಲಿ ಕ್ಷಯ ಅಂದರೆ ಸ್ಯಾನಟೋರಿಯಂ. ರೋಗಿಯನ್ನು ತಿಂಗಳುಗಟ್ಟಲೆ ಅಲ್ಲೇ ಮಲಗಿಸಬೇಕು. ಆಗ ಮದ್ರಾಸಿನಲ್ಲಿ ಒಂದು ಅಧ್ಯಯನ ನಡೆಯಿತು. ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸ್ಯಾನಟೋರಿಯಂ, ಇನ್ನೊಂದಕ್ಕೆ ಮನೆಯಲ್ಲೇ ಮಾತ್ರೆ. 1959ರಲ್ಲಿ ಫಲಿತಾಂಶ ಬಂತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಮನೆಮಂದಿಗೆ ಅಪಾಯ ಜಾಸ್ತಿಯೂ ಆಗಿರಲಿಲ್ಲ. ಇದು ಚಿಕಿತ್ಸೆಯ ಬಗೆಗಿನ ಸಂಶೋಧನೆ. ಮಾತ್ರೆ ಮನೆಯಲ್ಲೂ ಕೆಲಸ ಮಾಡುತ್ತದೆ ಅಂತ ಅದು ಹೇಳಿತು. ಆದರೆ ಆ ಮಾತ್ರೆ ಲಕ್ಷಾಂತರ ಜನರ ಕೈಗೆ ಸೇರುತ್ತದೆಯೇ? ಸೇರದಿದ್ದರೆ ಎಲ್ಲಿ ನಿಲ್ಲುತ್ತದೆ? ಅದಕ್ಕೆ ಬೇರೆ ತರಹದ ಕೆಲಸ ಬೇಕಿತ್ತು.

ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿ ವೈದ್ಯರ ಜೊತೆ ಸಮಾಜವಿಜ್ಞಾನಿಗಳು, ಸಂಖ್ಯಾಶಾಸ್ತ್ರಜ್ಞರು ಒಟ್ಟಿಗೆ ಕೂತು ಕೆಲಸ ಮಾಡುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯಿಂದ ಬಂದಿದ್ದ ಹಾಫ್ಡನ್ ಮಾಲರ್ ಕೂಡ ಅಲ್ಲಿದ್ದರು, ಮುಂದೆ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದವರು. ಅಲ್ಲಿನ ಸಂಶೋಧಕರಾದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಇದ್ದವರನ್ನು ಹುಡುಕಿ ಮಾತಾಡಿಸಿದರು. ಕೆಮ್ಮು ಇದೆ ಅಂತ ನಿಮಗೆ ಗೊತ್ತೇ, ಚಿಂತೆ ಆಗಿದೆಯೇ, ಎಲ್ಲಾದರೂ ತೋರಿಸಿದ್ದೀರಾ?

ಗೊತ್ತಿತ್ತು. ಚಿಂತೆಯೂ ಆಗಿತ್ತು. ಅರ್ಧಕ್ಕಿಂತ ಜಾಸ್ತಿ ಜನ ಅದಾಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಕಫ ಪರೀಕ್ಷೆ ಮಾಡದೆ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು. ಈ ಅಧ್ಯಯನ ಪ್ರಕಟವಾಗಿದ್ದು 1963ರಲ್ಲಿ.

ನೋಡಿ, ಜನ ಬಾಗಿಲಿಗೆ ಬಂದಿದ್ದರು, ಗುರುತಿಸದೆ ಕಳಿಸಿದ್ದು ನಾವು. ಅಲ್ಲಿಂದ ಮುಂದೆ ಯೋಚನೆಯ ದಿಕ್ಕೇ ತಿರುಗಿತು. ಎಕ್ಸ್‌ರೇ ವಾಹನ ಹಳ್ಳಿ ಹಳ್ಳಿ ಸುತ್ತಿಸುವ ಬದಲು, ಕೆಮ್ಮುತ್ತಾ ತಾವಾಗಿ ಬರುವವರ ಕಫವನ್ನು ಸಾಮಾನ್ಯ ಆರೋಗ್ಯ ಕೇಂದ್ರದಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿಗೆ ಇಂಥ ಕೆಲಸಗಳೇ ಆಧಾರವಾದವು. ಆಪರೇಷನಲ್ ರಿಸರ್ಚ್ ಅಂದರೆ ನನ್ನ ಮಟ್ಟಿಗೆ ಇದೇ. ಹೊಸ ಔಷಧಿ ಹುಡುಕುವುದಿಲ್ಲ. ಇರುವ ಔಷಧಿ ಬೇಕಾದವರಿಗೆ ಯಾಕೆ ತಲುಪುತ್ತಿಲ್ಲ ಅಂತ ಹುಡುಕುತ್ತದೆ.

ಈಗ ನಿಮ್ಮ ವಿಚಿತ್ರಕ್ಕೆ ಬರೋಣ. ಅದು ವಿಚಿತ್ರ ಅಲ್ಲ ಮೇಡಂ, ಛೇದದ ಆಟ. ಯಶಸ್ಸಿನ ಪ್ರಮಾಣ ಲೆಕ್ಕ ಹಾಕುವಾಗ ಕೆಳಗೆ ಬರುವ ಸಂಖ್ಯೆ ಯಾವುದು? ಚಿಕಿತ್ಸಾ ರಿಜಿಸ್ಟರ್‌ನಲ್ಲಿ ಹೆಸರು ಬಿದ್ದವರು. ಲ್ಯಾಬ್‌ನಲ್ಲಿ ಪಾಸಿಟಿವ್ ಬಂದು ಆ ರಿಜಿಸ್ಟರ್ ತನಕ ಬಾರದವರು ಮೇಲಿನ ಸಂಖ್ಯೆಯಲ್ಲೂ ಇಲ್ಲ, ಕೆಳಗಿನದರಲ್ಲೂ ಇಲ್ಲ. ಎಷ್ಟು ಜನ ತಪ್ಪಿಹೋದರೂ ನಿಮ್ಮ ವರದಿ ಹಾಗೇ ಹೊಳೆಯುತ್ತಿರುತ್ತದೆ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳ ಇಂಥ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ಪರಿಶೀಲನೆ 2014ರಲ್ಲಿ ಬಂತು. ಚಿಕಿತ್ಸೆಗೆ ಮೊದಲೇ ತಪ್ಪಿಹೋಗುವವರ ಪ್ರಮಾಣ ಜಾಗದಿಂದ ಜಾಗಕ್ಕೆ ಶೇ 4ರಿಂದ ಶೇ 38ರವರೆಗೆ ಇತ್ತು. ನಿಮ್ಮದು ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಅದನ್ನು ಗೊತ್ತು ಮಾಡಿಕೊಳ್ಳುವುದೇ ನಿಮ್ಮ ಸಂಶೋಧನೆ.

ಬೇಕಾದ್ದು ಎರಡು ಪುಸ್ತಕ. ಲ್ಯಾಬ್ ರಿಜಿಸ್ಟರ್, ಚಿಕಿತ್ಸಾ ರಿಜಿಸ್ಟರ್. ಒಂದು ವರ್ಷದ ಅವಧಿ ಆರಿಸಿ, ಅದು ಮುಗಿದು ಕೆಲವು ತಿಂಗಳಾದರೂ ಆಗಿರಲಿ. ಲ್ಯಾಬ್ ರಿಜಿಸ್ಟರ್‌ನ ಪ್ರತಿಯೊಬ್ಬ ಪಾಸಿಟಿವ್ ರೋಗಿಯನ್ನೂ ಚಿಕಿತ್ಸಾ ರಿಜಿಸ್ಟರ್‌ನಲ್ಲಿ ಹುಡುಕಿ. ಸಿಕ್ಕರೆ ಮೂರು ದಿನಾಂಕ ಬರೆದುಕೊಳ್ಳಿ: ಕಫ ಕೊಟ್ಟಿದ್ದು, ಫಲಿತಾಂಶ ಬಂದಿದ್ದು, ಮಾತ್ರೆ ಶುರುವಾಗಿದ್ದು. ಸಿಗದಿದ್ದರೆ ವಯಸ್ಸು, ಲಿಂಗ, ಯಾವ ಕೇಂದ್ರದಿಂದ ಕಳಿಸಿದ್ದರು, ವಿಳಾಸ ಪೂರ್ತಿ ಇತ್ತೇ, ಫೋನ್ ನಂಬರ್ ಇತ್ತೇ, ಇಷ್ಟು ಸಾಕು. ದಿನಗಳ ಲೆಕ್ಕಕ್ಕೆ ಸರಾಸರಿ ಬೇಡ, ಮಧ್ಯಾಂಕ ಹಾಕಿ, ಅಂದರೆ ಎಲ್ಲವನ್ನೂ ಏರಿಕೆಯ ಕ್ರಮದಲ್ಲಿ ಬರೆದಾಗ ನಟ್ಟನಡುವೆ ಬರುವ ಸಂಖ್ಯೆ. ಮೂರು ತಿಂಗಳ ಮೇಲೆ ಬಂದ ಇಬ್ಬರು ಇಡೀ ಸರಾಸರಿಯನ್ನು ಎಳೆದುಕೊಂಡು ಹೋಗುತ್ತಾರೆ.

ಒಂದೇ ಒಂದು ಶರತ್ತು, ಇದನ್ನು ಬಿಟ್ಟರೆ ನನ್ನ ಉಳಿದ ಮಾತೆಲ್ಲ ದಂಡ. ಪುಸ್ತಕ ತೆರೆಯುವ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ಉತ್ತರ ಹೀಗೆ ಬಂದರೆ ಏನು ಬದಲಿಸುತ್ತೇವೆ? ತಪ್ಪಿಹೋದವರಲ್ಲಿ ಹೆಚ್ಚಿನವರಿಗೆ ವಿಳಾಸವೇ ಇಲ್ಲ ಅಂತಾದರೆ, ಕಫದ ಡಬ್ಬಿ ಕೊಡುವಾಗಲೇ ಫೋನ್ ನಂಬರ್ ಬರೆಸುತ್ತೇವೆ. ಫಲಿತಾಂಶ ಲ್ಯಾಬ್‌ನಲ್ಲೇ ದಿನಗಟ್ಟಲೆ ಕೂರುತ್ತದೆ ಅಂತಾದರೆ, ಅದೇ ದಿನ ಫೋನಲ್ಲಿ ತಿಳಿಸುತ್ತೇವೆ. ಬೇರೆ ಕಡೆಗೆ ಕಳಿಸಿದವರು ತಪ್ಪುತ್ತಿದ್ದರೆ, ಆ ಕಡೆಯಿಂದ "ಬಂದರು" ಅನ್ನುವ ಖಾತ್ರಿ ತರಿಸಿಕೊಳ್ಳುತ್ತೇವೆ. ಉತ್ತರ ಏನೇ ಬಂದರೂ ಏನೂ ಬದಲಿಸಲು ಆಗುವುದಿಲ್ಲ ಅನ್ನುವ ಪ್ರಶ್ನೆ ಇದ್ದರೆ ಅದನ್ನು ಕೇಳಲೇಬೇಡಿ. ನಿಮ್ಮ ಅರವತ್ತರಲ್ಲಿ ಐವತ್ತು ಈ ಜಾತಿಯವೇ ಇರುತ್ತವೆ ಅಂತ ನನ್ನ ಅಂದಾಜು. ಆ ಹಾಳೆಗೆ ನಿಮ್ಮ ಮೇಲಿನವರ ಸಹಿಯನ್ನೂ ಹಾಕಿಸಿ. ಸಭೆಯಲ್ಲಿ ಕೇಳಿದ್ದು ಅವರೇ ತಾನೆ?

ಉತ್ತರ: ಸಾಲುಗಣಿತ

ಹಳೇ ರಿಜಿಸ್ಟರ್ ಸರ್ ಹೇಳಿದ್ದು ಒಪ್ಪಿದೆ, ಆದರೆ ನಮ್ಮ ಕಸುಬಿನ ಹೆಸರನ್ನು ನೀವು ವೈದ್ಯರು ಪೂರ್ತಿ ನಿಮ್ಮದು ಮಾಡಿಕೊಂಡಿದ್ದೀರಿ. ನಾನು ಎಂಜಿನಿಯರ್. ನಮ್ಮಲ್ಲಿ ಆಪರೇಷನಲ್ ರಿಸರ್ಚ್ ಅಂದರೆ ಗಣಿತ. ಅದು ಬೆಳೆದಿದ್ದು ಎರಡನೇ ಮಹಾಯುದ್ಧದಲ್ಲಿ. ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲಾಕೆಟ್ ಅವರ ತಂಡ ಬ್ರಿಟನ್ನಿನ ಸೇನೆಯ ಜೊತೆ ಕೂತು ಲೆಕ್ಕ ಹಾಕುತ್ತಿತ್ತು. ಜಲಾಂತರ್ಗಾಮಿಗಳ ಮೇಲೆ ವಿಮಾನದಿಂದ ಹಾಕುವ ಬಾಂಬು 100 ಅಡಿ ಆಳದಲ್ಲಿ ಸಿಡಿಯುವಂತೆ ಇತ್ತು. ವಿಮಾನ ಕಂಡಾಗ ಜಲಾಂತರ್ಗಾಮಿ ಇನ್ನೂ ಅಷ್ಟು ಆಳಕ್ಕೆ ಇಳಿದೇ ಇರುವುದಿಲ್ಲ ಅಂತ ದಾಖಲೆ ನೋಡಿ ಹೇಳಿದರು. ಕೊನೆಗೆ ಅದನ್ನು 25 ಅಡಿಗೆ ತಂದರು. ಬಾಂಬು ಅದೇ, ವಿಮಾನ ಅದೇ, ಪರಿಣಾಮ ಮಾತ್ರ ಬಹಳ ಸುಧಾರಿಸಿತು. ಹಾಗೆ ನೋಡಿದರೆ ಸರ್ ಹೇಳಿದ ಮಾತೇ: ಇರುವುದನ್ನೇ ಸರಿಯಾಗಿ ಬಳಸುವುದು.

ಮೇಡಂಗೆ ನನ್ನ ಕಡೆಯಿಂದ ಒಂದು ಸಣ್ಣ ಉಪಕರಣ. ಜನ ಯಾಕೆ ವಾಪಸ್ ಬರುವುದಿಲ್ಲ ಅನ್ನುವುದಕ್ಕೆ ಕಾಯುವ ಸಮಯವೂ ಕಾರಣ ಇರಬಹುದು. ಅದನ್ನು ಅಳೆಯಲು ಕೈಯಲ್ಲಿ ಗಡಿಯಾರ ಹಿಡಿದು ಯಾರ ಹಿಂದೆಯೂ ಓಡಬೇಕಿಲ್ಲ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಒಂದು ನಿಯಮ ಇದೆ. ಒಳಗೆ ಸರಾಸರಿ ಎಷ್ಟು ಜನ ಇದ್ದಾರೆ ಅನ್ನುವುದು, ಗಂಟೆಗೆ ಎಷ್ಟು ಜನ ಬರುತ್ತಾರೆ ಮತ್ತು ಒಬ್ಬರು ಎಷ್ಟು ಗಂಟೆ ಇರುತ್ತಾರೆ, ಇವೆರಡರ ಗುಣಲಬ್ಧ. ಆಗಾಗ ಕಾಯುವ ಕೋಣೆಯ ತಲೆ ಎಣಿಸಿ. ಸರಾಸರಿ 24 ಜನ ಇದ್ದು, ಗಂಟೆಗೆ 12 ಜನ ಬರುತ್ತಿದ್ದರೆ, ಒಬ್ಬೊಬ್ಬರು ಸರಾಸರಿ 2 ಗಂಟೆ ಕಾಯುತ್ತಿದ್ದಾರೆ ಅಂತ ಅರ್ಥ. ಅಷ್ಟೇ.

ಮತ್ತೊಂದು. ಎಲ್ಲರನ್ನೂ ಬೆಳಗ್ಗೆ ಒಂದೇ ಹೊತ್ತಿಗೆ ಬನ್ನಿ ಅನ್ನುತ್ತೀರಾ? ಹೆಚ್ಚಿನ ಕಡೆ ಹಾಗೇ. ವೈದ್ಯರು ಖಾಲಿ ಕೂರಬಾರದು ಅನ್ನುವ ಭಯ. ನಾರ್ಮನ್ ಬೈಲಿ 1952ರಲ್ಲೇ ಹೊರರೋಗಿ ವಿಭಾಗದ ಸಾಲುಗಳ ಬಗ್ಗೆ ಲೆಕ್ಕ ಹಾಕಿ ತೋರಿಸಿದ್ದಾರೆ. ಶುರುವಿನಲ್ಲಿ ಇಬ್ಬರಿಗೆ ಒಟ್ಟಿಗೆ ಸಮಯ ಕೊಡಿ. ಆಮೇಲೆ ಒಬ್ಬರನ್ನು ನೋಡಲು ಸರಾಸರಿ ಎಷ್ಟು ನಿಮಿಷ ಬೇಕೋ ಅಷ್ಟಷ್ಟು ಅಂತರದಲ್ಲಿ ಒಬ್ಬೊಬ್ಬರಿಗೆ. ವೈದ್ಯರೂ ಹೆಚ್ಚು ಹೊತ್ತು ಖಾಲಿ ಇರುವುದಿಲ್ಲ, ರೋಗಿಗಳೂ ಅರ್ಧ ದಿನ ಕಳೆದುಕೊಳ್ಳುವುದಿಲ್ಲ.

ಉತ್ತರ: ಮೂರನೇ_ತ್ರೈಮಾಸಿಕ

ಇಬ್ಬರಿಗೂ ಧನ್ಯವಾದ. ಛೇದದ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಇಷ್ಟು ವರ್ಷ ನಾನೇ ಆ ಶೇಕಡಾವಾರನ್ನು ಸಭೆಯಲ್ಲಿ ಓದುತ್ತಾ ಬಂದಿದ್ದೇನೆ, ಒಬ್ಬರಾದರೂ ಕೇಳಿದ್ದಿಲ್ಲ.

ಸರ್, ತಡೆಯಲಾರದೆ ಒಂದು ತಿಂಗಳ ಲ್ಯಾಬ್ ಪುಟಗಳನ್ನು ತೆಗೆದು ಹೋಲಿಸಲು ಶುರು ಮಾಡಿದೆ. ತಕ್ಷಣ ಎರಡು ತೊಡಕು. ಹೆಸರುಗಳು ಕೂಡುವುದಿಲ್ಲ. ಲ್ಯಾಬ್‌ನಲ್ಲಿ ಕರೆಯುವ ಹೆಸರು ಬರೆದಿದ್ದರೆ ಚಿಕಿತ್ಸಾ ರಿಜಿಸ್ಟರ್‌ನಲ್ಲಿ ಗುರುತಿನ ಚೀಟಿಯ ಹೆಸರು. ಕೆಲವು ಕಡೆ ಇನಿಷಿಯಲ್ ಹಿಂದೆ ಮುಂದೆ. ಎರಡನೆಯದು, "ತಪ್ಪಿಹೋದವರು" ಅಂತ ನಾನು ಗುರುತು ಹಾಕಿದ ಕೆಲವರು ನಮ್ಮ ವ್ಯಾಪ್ತಿಯವರೇ ಅಲ್ಲ. ಇಲ್ಲಿ ಪರೀಕ್ಷೆ ಮಾಡಿಸಿ ತಮ್ಮ ಊರಿನ ಕೇಂದ್ರಕ್ಕೆ ಹೋಗಿದ್ದಾರೆ. ಅವರು ಅಲ್ಲಿ ಮಾತ್ರೆ ತೆಗೆದುಕೊಳ್ಳುತ್ತಿರಬಹುದು, ಇಲ್ಲದೆಯೂ ಇರಬಹುದು. ಇವರನ್ನು ಯಾವ ಕಡೆ ಹಾಕಲಿ?

ಸಾಲುಗಣಿತ ಅವರೇ, ಎಲ್ಲರನ್ನೂ ಒಂದೇ ಹೊತ್ತಿಗೆ ಕರೆಯುವುದು ನಿಜ. ತಲೆ ಎಣಿಸುತ್ತೇನೆ.

ಉತ್ತರ: ಡೇಟಾ_ಎಂಟ್ರಿ_ಅಕ್ಕ

ಮೇಡಂ, ಇದು ನನ್ನ ಕ್ಷೇತ್ರ, ಹೇಳುತ್ತೇನೆ.

ಹೆಸರಿನಿಂದ ಶುರು ಮಾಡಬೇಡಿ. ಫೋನ್ ನಂಬರ್ ಇದ್ದರೆ ಮೊದಲು ಅದು. ಇಲ್ಲದಿದ್ದರೆ ವಯಸ್ಸು, ಲಿಂಗ, ವಿಳಾಸದ ಊರು, ಲ್ಯಾಬ್ ಕ್ರಮಸಂಖ್ಯೆ. ಚಿಕಿತ್ಸಾ ರಿಜಿಸ್ಟರ್‌ನಲ್ಲಿ ಲ್ಯಾಬ್ ನಂಬರ್ ಬರೆಯುವ ಕಾಲಂ ಸಾಮಾನ್ಯವಾಗಿ ಇರುತ್ತದೆ. ಅದನ್ನು ತುಂಬಿರುತ್ತಾರೋ ಇಲ್ಲವೋ ಬೇರೆ ಮಾತು. ವಯಸ್ಸಿನಲ್ಲಿ ಎರಡು ವರ್ಷ ಆಚೀಚೆ ಇದ್ದರೂ ಒಪ್ಪಿ. ಬಹಳ ಜನ ವಯಸ್ಸನ್ನು 5ರ, 10ರ ಮಗ್ಗಿಯಲ್ಲೇ ಹೇಳುತ್ತಾರೆ, ಮೂವತ್ತೈದು, ನಲವತ್ತು ಅಂತ. ಎಷ್ಟು ಗುರುತು ಕೂಡಿದರೆ ಅದೇ ವ್ಯಕ್ತಿ ಅಂತ ಒಪ್ಪುತ್ತೀರಿ ಅನ್ನುವ ನಿಯಮವನ್ನು ಮೊದಲೇ ಬರೆದಿಡಿ. ಇಲ್ಲದಿದ್ದರೆ ಬೆಳಗ್ಗೆ ಒಂದು ನಿಯಮ, ಸಂಜೆ ಸುಸ್ತಾದಾಗ ಇನ್ನೊಂದು ನಿಯಮ ಆಗುತ್ತದೆ.

ಬೇರೆ ಕಡೆ ಹೋದವರಿಗೆ ಮೂರನೇ ಗುಂಪು ಮಾಡಿ: "ಕಳಿಸಲಾಗಿದೆ, ಖಾತ್ರಿ ಇಲ್ಲ". ಆಮೇಲೆ ಆ ಕೇಂದ್ರಗಳಿಗೆ ಫೋನ್ ಮಾಡಿ ಒಬ್ಬೊಬ್ಬರನ್ನೇ ಕೇಳಿ. ಬಂದಿದ್ದರೆ ಮೊದಲ ಗುಂಪಿಗೆ, ಬಂದಿಲ್ಲದಿದ್ದರೆ ತಪ್ಪಿಹೋದವರ ಗುಂಪಿಗೆ. ಯಾರೂ ಫೋನ್ ಎತ್ತದಿದ್ದರೆ ಮೂರನೇ ಗುಂಪಿನಲ್ಲೇ ಬಿಟ್ಟು, ಅಷ್ಟು ಜನ ಇದ್ದಾರೆ ಅಂತ ವರದಿಯಲ್ಲಿ ಹಾಗೇ ಬರೆಯಿರಿ. ಆ ಮೂರನೇ ಗುಂಪಿನ ಗಾತ್ರವೇ ನಿಮ್ಮ ದೊಡ್ಡ ಫಲಿತಾಂಶ ಆಗಬಹುದು.

ಎಂಟ್ರಿಗೆ ಎಪಿಡೇಟಾ ಅನ್ನುವ ಸಾಫ್ಟ್‌ವೇರ್ ಬಳಸಿ. ಉಚಿತ. ಎಕ್ಸೆಲ್‌ನಲ್ಲಿ ದಿನಾಂಕದ ಕಾಲಂ ಕೈಕೊಡುತ್ತದೆ, ತಿಂಗಳು ದಿನ ಅದಲುಬದಲು ಆಗುತ್ತವೆ, ನೋಡಿದರೆ ಗೊತ್ತೇ ಆಗುವುದಿಲ್ಲ. ಮಾತ್ರೆ ಶುರು ಮಾಡಿದ ದಿನಾಂಕ ಕಫ ಕೊಟ್ಟ ದಿನಾಂಕಕ್ಕಿಂತ ಹಿಂದೆ ಬಂದರೆ ಒಪ್ಪಬೇಡ ಅಂತ ಎಪಿಡೇಟಾದಲ್ಲಿ ಮೊದಲೇ ಹೇಳಿಡಬಹುದು. ಇಬ್ಬರು ಬೇರೆ ಬೇರೆಯಾಗಿ ಎಂಟ್ರಿ ಮಾಡಿ ಹೋಲಿಸುವ ಸೌಲಭ್ಯವೂ ಇದೆ.

ಕೊನೆಗೆ ಒಂದು ಮಾತು, ಬೇಜಾರಾಗಬೇಡಿ. ಖಾಲಿ ಕಾಲಂ ಕಂಡ ತಕ್ಷಣ "ಸಿಬ್ಬಂದಿ ಸರಿಯಾಗಿ ತುಂಬಿಲ್ಲ" ಅಂತ ವರದಿಯಲ್ಲಿ ಬರೆಯುತ್ತಾರೆ. ಆ ಕಾಲಂ ತುಂಬುವವಳನ್ನು ಒಮ್ಮೆ ಕೇಳಿ. ನಾನು ಮೊದಲಿದ್ದ ಒಂದು ಕಡೆ ವಿಳಾಸದ ಕಾಲಂ ಎರಡು ಬೆರಳಷ್ಟು ಅಗಲ ಇತ್ತು. ಊರಿನ ಹೆಸರು ಬರೆದರೆ ಮುಗಿಯಿತು, ಮನೆ ಗುರುತು ಎಲ್ಲಿ ಬರೆಯುವುದು? ಅದೇ ಸಾಲಿನಲ್ಲಿ ಯಾರೂ ಯಾವತ್ತೂ ನೋಡದ ಇನ್ನೊಂದು ಕಾಲಂ ಅರ್ಧ ಪುಟ ತಿಂದಿತ್ತು.

ಉತ್ತರ: ಅನುಮಾನಿ

ಎಲ್ಲ ಸರಿ. ನನ್ನ ತಕರಾರು ಬೇರೆ. ಇಂಥ ಅಧ್ಯಯನಗಳನ್ನು ರಾಶಿ ರಾಶಿ ಓದಿದ್ದೇನೆ. "ಇಷ್ಟು ಜನ ತಪ್ಪಿಹೋಗುತ್ತಾರೆ, ಕಾರ್ಯಕ್ರಮ ಬಲಪಡಿಸಬೇಕು" ಅಂತ ಬರೆದು ಮುಗಿಸುತ್ತಾರೆ. ಬಲಪಡಿಸುವುದು ಅಂದರೆ ಏನು, ಯಾರು, ಯಾವಾಗ? ಗೊತ್ತಿಲ್ಲ. ನಂತರ ಏನೋ ಒಂದು ತರಬೇತಿ ಮಾಡಿ, ಮುಂಚೆ ಇಷ್ಟಿತ್ತು ಈಗ ಇಷ್ಟಾಗಿದೆ, ಸುಧಾರಣೆ ಅಂತ ಬೆನ್ನು ತಟ್ಟಿಕೊಳ್ಳುತ್ತಾರೆ.

ಇದರಲ್ಲಿ ದೊಡ್ಡ ಮೋಸ ಇದೆ. ತರಬೇತಿಗೆ ಯಾವ ಕೇಂದ್ರ ಆರಿಸುತ್ತಾರೆ? ಆ ತ್ರೈಮಾಸಿಕದಲ್ಲಿ ತೀರಾ ಕೆಟ್ಟದಾಗಿ ಮಾಡಿದ್ದನ್ನು. ತೀರಾ ಕೆಟ್ಟದ್ದರಲ್ಲಿ ಒಂದು ಪಾಲು ದುರದೃಷ್ಟ ಇರುತ್ತದೆ. ಟೆಕ್ನಿಷಿಯನ್ ರಜೆ ಹಾಕಿರಬಹುದು, ಮಾತ್ರೆ ಬರುವುದು ತಡವಾಗಿರಬಹುದು. ಮುಂದಿನ ತ್ರೈಮಾಸಿಕದಲ್ಲಿ ನೀವು ಏನೂ ಮಾಡದಿದ್ದರೂ ಅದು ಸರಾಸರಿಯ ಕಡೆಗೆ ವಾಪಸ್ ಬರುತ್ತದೆ. ಆ ಸುಧಾರಣೆಯ ಶ್ರೇಯಸ್ಸು ಮಾತ್ರ ತರಬೇತಿಗೆ ಹೋಗುತ್ತದೆ.

ಮೇಡಂ, ಸರ್ಟಿಫಿಕೇಟಿನ ಬಗ್ಗೆ ನಿಮಗಿರುವ ಅನುಮಾನ ನನಗೂ ಇದೆ. ಅದನ್ನು ಬಿಡಬೇಡಿ.

ಉತ್ತರ: ಹಳೇ_ರಿಜಿಸ್ಟರ್

ಅನುಮಾನಿ ಅವರು ಹೇಳಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. "ಬಲಪಡಿಸಬೇಕು" ಅನ್ನುವ ಪದವನ್ನು ಶಿಫಾರಸುಗಳಲ್ಲಿ ನಿಷೇಧಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಆದರೆ ಮುಂಚೆ-ಆಮೇಲೆ ಹೋಲಿಕೆಯ ಮೋಸಕ್ಕೆ ದಾರಿ ಇದೆ, ಅದಕ್ಕೆ ಹೊಸ ಹಣವೂ ಬೇಡ.

ಯಾವ ಬದಲಾವಣೆಯನ್ನೂ ಎಲ್ಲ ಕೇಂದ್ರಗಳಲ್ಲಿ ಒಂದೇ ದಿನ ಶುರು ಮಾಡಲು ಆಗುವುದಿಲ್ಲ, ಅಲ್ವಾ? ಹೇಗೂ ಹಂತ ಹಂತವಾಗಿ ಹೋಗಬೇಕು. ಹಾಗಿದ್ದರೆ ಯಾವ ಕೇಂದ್ರ ಮೊದಲು, ಯಾವುದು ಆಮೇಲೆ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಇನ್ನೂ ಸರದಿ ಬಾರದ ಕೇಂದ್ರಗಳೇ ನಿಮ್ಮ ಹೋಲಿಕೆಯ ಗುಂಪು. ಕೊನೆಗೆ ಎಲ್ಲರಿಗೂ ಸಿಗುತ್ತದೆ, ಯಾರಿಗೂ ಅನ್ಯಾಯವಿಲ್ಲ. ಗ್ಯಾಂಬಿಯಾ ದೇಶದಲ್ಲಿ 1980ರ ದಶಕದಲ್ಲಿ ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಹೀಗೇ ತಂದರು. ಇಡೀ ದೇಶಕ್ಕೆ ಒಟ್ಟಿಗೆ ಕೊಡಲು ಆಗುತ್ತಿರಲಿಲ್ಲ. ಒಂದೊಂದೇ ಲಸಿಕಾ ತಂಡವನ್ನು ಚೀಟಿ ಎತ್ತಿದ ಕ್ರಮದಲ್ಲಿ ಸೇರಿಸುತ್ತಾ ಸುಮಾರು ನಾಲ್ಕು ವರ್ಷದಲ್ಲಿ ಎಲ್ಲೆಡೆ ಮುಟ್ಟಿಸಿದರು. ಲಸಿಕೆ ಎಷ್ಟರಮಟ್ಟಿಗೆ ತಡೆಯುತ್ತದೆ ಅಂತ ಅಳೆಯಲೂ ಅದೇ ಕ್ರಮ ನೆರವಾಯಿತು. ನಿಮ್ಮ ಘಟಕದಲ್ಲಿ ಕೆಲವೇ ಕೇಂದ್ರ ಇದ್ದರೆ ಸಂಖ್ಯೆ ಸಣ್ಣದಾಗಬಹುದು. ಪಕ್ಕದ ಘಟಕದವರನ್ನೂ ಸೇರಿಸಿಕೊಳ್ಳಿ.

ಬದಲಾಗುತ್ತದೆಯೇ ಅಂದಿರಿ. ಬದಲಾದ ಒಂದು ಉದಾಹರಣೆ ಕೊಡುತ್ತೇನೆ. ಸಕ್ಕರೆ ಕಾಯಿಲೆ ಇದ್ದವರಿಗೆ ಕ್ಷಯ ಬರುವ ಸಾಧ್ಯತೆ ಜಾಸ್ತಿ ಅಂತ ಗೊತ್ತಿತ್ತು. ಆದರೆ ಕ್ಷಯಕ್ಕೆ ಬಂದವರ ಸಕ್ಕರೆ ಪರೀಕ್ಷೆಯನ್ನು ದಿನನಿತ್ಯದ ಕೆಲಸದೊಳಗೇ ಮಾಡಲು ಆಗುತ್ತದೆಯೇ? ಭಾರತದಲ್ಲಿ 2012ರ ಹೊತ್ತಿಗೆ ಮಾಡಿ ನೋಡಿದರು. ಪ್ರತ್ಯೇಕ ಸಂಶೋಧಕರಿಲ್ಲ, ಅಲ್ಲಿದ್ದ ಸಿಬ್ಬಂದಿಯೇ. 8 ಸಾವಿರಕ್ಕೂ ಜಾಸ್ತಿ ಕ್ಷಯರೋಗಿಗಳಲ್ಲಿ ಶೇ 13ರಷ್ಟು ಜನರಿಗೆ ಸಕ್ಕರೆ ಕಾಯಿಲೆ ಇತ್ತು. ಅದರ ಬೆನ್ನಲ್ಲೇ, ನೋಂದಣಿಯಾದ ಕ್ಷಯರೋಗಿಗಳಿಗೆಲ್ಲ ಸಕ್ಕರೆ ಪರೀಕ್ಷೆ ಮಾಡಬೇಕು ಅಂತ ರಾಷ್ಟ್ರೀಯ ಕಾರ್ಯಕ್ರಮ ತೀರ್ಮಾನಿಸಿತು. ಯಾಕೆ ಇಷ್ಟು ಬೇಗ? ತೀರ್ಮಾನ ತೆಗೆದುಕೊಳ್ಳುವವರು ಅಧ್ಯಯನದ ಮೊದಲ ಸಭೆಯಿಂದಲೇ ಒಳಗಿದ್ದರು. ಫಲಿತಾಂಶ ಬಂದ ಮೇಲೆ ಅವರ ಬಾಗಿಲು ತಟ್ಟುವ ಪ್ರಮೇಯವೇ ಬರಲಿಲ್ಲ. ನಾನು ಸಹಿ ಹಾಕಿಸಿ ಅಂದಿದ್ದು ಅದಕ್ಕೇ.

ತರಬೇತಿ ಬೇಕಿದ್ದರೆ ಸಾರ್ಟ್ ಇಟ್ ಅಂತ ಒಂದಿದೆ. ಕ್ಷಯ ಮತ್ತು ಶ್ವಾಸಕೋಶ ರೋಗಗಳ ಅಂತರರಾಷ್ಟ್ರೀಯ ಸಂಘಟನೆಯಾದ ಯೂನಿಯನ್ ಮತ್ತು ವೈದ್ಯಕೀಯ ನೆರವು ಸಂಸ್ಥೆ ಎಂಎಸ್‌ಎಫ್ ಸೇರಿ 2009ರಲ್ಲಿ ಶುರು ಮಾಡಿದ ಕೋರ್ಸ್‌ನಿಂದ ಬೆಳೆದಿದ್ದು, ಈಗ ವಿಶ್ವ ಆರೋಗ್ಯ ಸಂಸ್ಥೆಯಲ್ಲಿರುವ, ಉಷ್ಣವಲಯದ ರೋಗಗಳ ಸಂಶೋಧನೆ ಮತ್ತು ತರಬೇತಿಯ ಕಾರ್ಯಕ್ರಮ ಟಿಡಿಆರ್ ಮುಂದೆ ನಿಂತು ನಡೆಸುತ್ತದೆ. ನನಗೆ ಅದರಲ್ಲಿ ಹಿಡಿಸುವುದು ಅದರ ನಿಷ್ಠುರತೆ. ಮೊದಲ ಹಂತದಲ್ಲಿ ಪ್ರೋಟೋಕಾಲ್ (ಅಧ್ಯಯನದ ಲಿಖಿತ ಯೋಜನೆ), ಎರಡನೆಯದರಲ್ಲಿ ದತ್ತಾಂಶ, ಮೂರನೆಯದರಲ್ಲಿ ಲೇಖನ. ಹೇಳಿದ ದಿನಕ್ಕೆ ಹೇಳಿದ್ದು ಸಲ್ಲಿಸದಿದ್ದರೆ ಮುಂದಿನ ಹಂತಕ್ಕೆ ಪ್ರವೇಶವಿಲ್ಲ. ಹಾಜರಿಗೆ ಸರ್ಟಿಫಿಕೇಟ್ ಕೊಡುವ ಪದ್ಧತಿ ಅಲ್ಲಿಲ್ಲ.

ಮರೆತ ಮಾತು. ಇರುವ ರಿಜಿಸ್ಟರ್ ನೋಡುವುದಕ್ಕೂ ನೈತಿಕ ಸಮಿತಿಯ ಅನುಮತಿ ಬೇಕು, ಅಥವಾ ಪೂರ್ಣ ಪರಿಶೀಲನೆ ಬೇಕಿಲ್ಲ ಅಂತ ಅವರೇ ಬರೆದು ಕೊಡಬೇಕು. ಸಂಶೋಧನೆಗೆ ಅಂತ ಎಂಟ್ರಿ ಶುರು ಮಾಡುವ ಮೊದಲು ಅದು ಕೈಯಲ್ಲಿರಲಿ. ಹೆಸರು, ಫೋನ್ ನಂಬರ್ ಹೋಲಿಕೆಗೆ ಮಾತ್ರ. ಹೋಲಿಕೆ ಮುಗಿದ ಮೇಲೆ ಆ ಕಾಲಂ ಬೇರೆ ಮಾಡಿ, ಲೆಕ್ಕಕ್ಕೆ ಬಳಸುವ ಫೈಲಿನಲ್ಲಿ ಕ್ರಮಸಂಖ್ಯೆ ಮಾತ್ರ ಇರಲಿ. ಆದರೆ ತಪ್ಪಿಹೋದವರು ಯಾರಾದರೂ ಈಗ ಸಿಕ್ಕರೆ, ಅಧ್ಯಯನ ಮುಗಿಯಲಿ ಅಂತ ಕಾಯಬೇಡಿ. ಅವರಿಗೆ ಮಾತ್ರೆ ಶುರು ಮಾಡಿಸುವುದು ನಿಮ್ಮ ದಿನದ ಕೆಲಸ, ಅದಕ್ಕೆ ಯಾವ ಸಮಿತಿಯ ಅಪ್ಪಣೆಯೂ ಬೇಡ.

ಉತ್ತರ: ಮೂರನೇ_ತ್ರೈಮಾಸಿಕ

ಹಾಳೆ ಬರೆದೆ. ಮೇಲಿನವರ ಹತ್ತಿರ ತೆಗೆದುಕೊಂಡು ಹೋದೆ. "ಉತ್ತರ ಬರುವ ಮೊದಲೇ ಹೇಗೆ ಸಹಿ ಹಾಕಲಿ?" ಅಂದರು. ಉತ್ತರ ಬಂದ ಮೇಲೆ ಯಾರೂ ಹಾಕುವುದಿಲ್ಲ ಸರ್ ಅಂದೆ. ನಕ್ಕರು. ಎರಡಕ್ಕೆ ಒಪ್ಪಿದರು: ಫೋನ್ ನಂಬರ್ ಬರೆಸುವುದು, ಫಲಿತಾಂಶ ಅದೇ ದಿನ ತಿಳಿಸುವುದು. ಬೇರೆ ಘಟಕದಿಂದ ಖಾತ್ರಿ ತರಿಸುವುದಕ್ಕೆ "ಅದು ನಮ್ಮ ಕೈಯಲ್ಲಿಲ್ಲ" ಅಂದರು. ಅದನ್ನು ಬಿಟ್ಟಿಲ್ಲ, ಪಕ್ಕದ ಘಟಕದ ವೈದ್ಯರಿಗೆ ನಾನೇ ಫೋನ್ ಮಾಡಿದೆ. ಅವರಿಗೂ ಇದೇ ತಲೆನೋವಂತೆ, ಇಬ್ಬರೂ ಸೇರಿ ಮಾಡೋಣ ಅಂದರು. ನೈತಿಕ ಸಮಿತಿಗೆ ಅರ್ಜಿ ಹಾಕುತ್ತಿದ್ದೇವೆ.

ಅಕ್ಕಾ, ನಿಮ್ಮ ಮಾತು ಕೇಳಿ ನಮ್ಮ ಲ್ಯಾಬ್ ಟೆಕ್ನಿಷಿಯನ್ ಹತ್ತಿರ ಕೂತು ಕೇಳಿದೆ. ಫೋನ್ ನಂಬರ್ ಕಾಲಂ ಯಾಕೆ ಖಾಲಿ? ಆ ಕಾಲಂ ಇರುವುದು ಫಲಿತಾಂಶದ ನಂತರ, ಬಲಗಡೆ ಪುಟದಲ್ಲಿ. ಫಲಿತಾಂಶ ಬರೆಯುವ ಹೊತ್ತಿಗೆ ರೋಗಿ ಮನೆಗೆ ಹೋಗಿ ಒಂದು ದಿನ ಆಗಿರುತ್ತದೆ. ಯಾರ ಹತ್ತಿರ ಕೇಳಿ ಬರೆಯುವುದು ಅಂದರು. ಈಗ ಸದ್ಯಕ್ಕೆ ಎಡಗಡೆ ಹೆಸರಿನ ಕೆಳಗೆ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದಾರೆ.

ಒಂದು ಪ್ರಶ್ನೆ ಉಳಿದಿದೆ. ಈ ಪೆನ್ಸಿಲ್ ಬರಹ ಇವತ್ತಿನಿಂದಲೇ ಶುರುವಾಗಿಬಿಟ್ಟಿದೆ. ನಾನು ಅಳೆಯಬೇಕಿರುವುದು ಹಳೆಯ ವರ್ಷ, ಹಾಗಾಗಿ ಅದಕ್ಕೆ ತೊಂದರೆ ಇಲ್ಲ ಅನ್ನಿಸುತ್ತದೆ. ಆದರೆ ಮುಂದೆ ಚೀಟಿ ಎತ್ತಿ ಹಂತ ಹಂತವಾಗಿ ತರುವಾಗ ನಮ್ಮ ಕೇಂದ್ರವನ್ನು ಲೆಕ್ಕದಿಂದ ಹೊರಗಿಡಬೇಕೇ?

ಉತ್ತರ: ಅನುಮಾನಿ

ಹೊರಗಿಡಿ. ಉಳಿದವಕ್ಕೆ ಚೀಟಿ ಎತ್ತಿ. ಪೆನ್ಸಿಲ್ ಶುರುವಾದ ದಿನಾಂಕವನ್ನು ರಿಜಿಸ್ಟರ್‌ನಲ್ಲೇ ಬರೆದಿಡಿ, ಆರು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ. ಮತ್ತೆ, ಪೆನ್ಸಿಲ್ ಬೇಡ. ಪೆನ್ನು ಕೊಡಿ.